ಬರಿಗಾಲಣ್ಣನ ಬಲಪಾದ

ಜಾವಗಲ್ಲಿನ ಸಂತೆಯಲ್ಲಿ ಈರುಳ್ಳಿ ಆರಿಸುತ್ತಾ ಕೂತಿದ್ದೆ. ಪಕ್ಕದ ಊರಿನವರೊಬ್ಬರು ಹೆಗಲು ಮುಟ್ಟಿ, "ನಿಮ್ಮ ಬರಿಗಾಲಣ್ಣ ಹೋಗ್ಬಿಟ್ರಂತೆ ಕಣಪ್ಪ" ಎಂದರು. ಕೈಯಲ್ಲಿದ್ದ ಈರುಳ್ಳಿಯನ್ನು ಚೀಲಕ್ಕೆ ಹಾಕುವುದೋ ರಾಶಿಗೆ ಹಾಕುವುದೋ ತಿಳಿಯಲಿಲ್ಲ. ಅಂಗಡಿಯವನು, "ತಗೊಳ್ತೀರೋ ಬಿಡ್ತೀರೋ?" ಎಂದು ರೇಗಿದ ಮೇಲೆ ಎದ್ದೆ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಹೆಂಡತಿ ಬೇಡ ಅಂದಿದ್ದಾರೆ. ನಮ್ಮ ಸೀಮೆಯಲ್ಲಿ ಬರಿಗಾಲಣ್ಣ ಎಂದರೆ ಸಾಕು, ಟ್ರಾಕ್ಟರ್ ಇಟ್ಟುಕೊಂಡವರಿಗೆಲ್ಲ ಗೊತ್ತು. ಅರಸೀಕೆರೆಯಿಂದ ಹಿಡಿದು ಹಳೇಬೀಡು, ಬೇಲೂರಿನ ತನಕ ಹಳೇ ಟ್ರಾಕ್ಟರ್ ಕೊಳ್ಳುವವರು ಟೈರು, ಎಂಜಿನ್ನು, ಕಾಗದಪತ್ರ ಎಲ್ಲ ತಾವೇ ನೋಡಿಕೊಂಡು, ಕೊನೆಗೆ ಗೇರ್‌ಬಾಕ್ಸ್ ನೋಡುವುದಕ್ಕೆ ಮಾತ್ರ ಅವರನ್ನು ಕರೆದುಕೊಂಡು ಹೋಗುತ್ತಿದ್ದರು.

"ಎಂಜಿನ್ನು ಬಾಯಿಬಡುಕ. ಹೊಗೆ ಬಿಟ್ಟು, ಕೆಮ್ಮಿ, ತನ್ನ ಕಾಯಿಲೆ ತಾನೇ ಹೇಳ್ಕತೈತೆ" ಎನ್ನುತ್ತಿದ್ದರು. "ಗೇರ್‌ಬಾಕ್ಸು ಹಂಗಲ್ಲ. ಒಳಗೇ ನುಂಗ್ಕಂಡಿರ್ತೈತೆ."

ನಾನು ಅವರನ್ನು ಮೊದಲು ಕಂಡದ್ದು ಗಂಡಸಿಯಲ್ಲಿ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಬೇರೆಯವರ ಟ್ರಾಕ್ಟರ್ ಓಡಿಸಿಕೊಂಡಿದ್ದ ನಾನು, ಆಗ ನನ್ನದೇ ಒಂದು ಗಾಡಿ ಮಾಡಿಕೊಳ್ಳಬೇಕೆಂದು ಹೊರಟಿದ್ದೆ. ಬ್ರೋಕರ್ ತೋರಿಸಿದ ಗಾಡಿ ಹೊಸ ಬಣ್ಣ ಬಳಿದುಕೊಂಡು ಮದುಮಗನ ಹಾಗೆ ನಿಂತಿತ್ತು. ಬರಿಗಾಲಣ್ಣ ಬಂದವರೇ ಬಾನೆಟ್ಟಿನ ಕೆಳಗೆ ಕೈಯಿಟ್ಟು ನೋಡಿದರು. ಬೆಚ್ಚಗಿತ್ತು.

"ಬೆಳಗ್ಗೆಯೇ ಯಾರೋ ಓಡ್ಸಿ ನಿಲ್ಸೌರೆ. ತಣ್ಣಗಾಗ್ಲಿ" ಎಂದು ಹೇಳಿ ಹುಣಸೇಮರದ ಕೆಳಗೆ ಟವಲು ಹಾಸಿ ಮಲಗಿಬಿಟ್ಟರು. ಬ್ರೋಕರ್ ಎಷ್ಟು ಗೊಣಗಿದರೂ ಏಳಲಿಲ್ಲ. ಬೆಚ್ಚಗಿರುವ ಗಾಡಿಯಲ್ಲಿ ಗೇರು ಸಲೀಸಾಗಿ ಬೀಳುತ್ತದೆ, ತಣ್ಣಗಿರುವಾಗ ಅದರ ನಿಜಬುದ್ಧಿ ಕಾಣುತ್ತದೆ ಎಂದು ನನಗೆ ಆಮೇಲೆ ಹೇಳಿದರು.

ಗಾಡಿ ತಣ್ಣಗಾದ ಮೇಲೆ ಎದ್ದು, ದೇವಸ್ಥಾನಕ್ಕೆ ಹೋಗುವವರಂತೆ ಚಪ್ಪಲಿ ಬಿಟ್ಟರು. ನನ್ನನ್ನು ಸೀಟಿನಲ್ಲಿ ಕೂರಿಸಿ, ತಾವು ಮಡ್‌ಗಾರ್ಡ್ ಮೇಲೆ ಕೂತು, ಓಡಿಸುವವನ ಎರಡು ಕಾಲಿನ ನಡುವೆ ಇರುತ್ತದಲ್ಲ ಗೇರ್‌ಬಾಕ್ಸಿನ ಕಬ್ಬಿಣದ ಬೆನ್ನು, ಅದರ ಮೇಲೆ ಬಲಪಾದವನ್ನು ಮೆಲ್ಲಗೆ ಇಟ್ಟರು.

ಬ್ರೋಕರ್ ನಕ್ಕ. "ಏನ್ ಯಜಮಾನ್ರೇ, ಗಾಡಿ ನೋಡಾಕ್ ಬಂದ್ರೋ, ಪಾದಪೂಜೆ ಮಾಡಿಸ್ಕಳಾಕ್ ಬಂದ್ರೋ?"

"ನಿನ್ ಗಾಡಿ ಕಾಲಿಗ್ ಬಿದ್ದು ನಿಜ ಹೇಳ್ತೈತೆ ಕಣಪ್ಪ. ನೀನ್ ಹೇಳಲ್ವಲ್ಲ, ಅದಕ್ಕೆ."

ನಿಂತಲ್ಲೇ ಒಂದೊಂದು ಗೇರೂ ಹಾಕಿಸಿದರು. ಕ್ಲಚ್ ಪೂರ್ತಿ ತುಳಿದಾಗಲೂ ಗೇರು ಕರ್ ಎನ್ನುತ್ತದೆಯೇ ನೋಡಿದರು. ಆಮೇಲೆ ಕೆರೆ ಏರಿಗೆ ಹತ್ತಿಸಿ, ಇಳಿಜಾರಿನಲ್ಲಿ ಆಕ್ಸಿಲೇಟರ್ ಬಿಡಲು ಹೇಳಿದರು. ಸವೆದ ಗೇರಾದರೆ ಅಲ್ಲಿ ತಾನಾಗಿ ನ್ಯೂಟ್ರಲ್ಲಿಗೆ ಹಾರಿಬಿಡುತ್ತದೆ. ಅದು ಹಾರಲಿಲ್ಲ. ನಾನು ಖುಷಿಯಿಂದ ತಿರುಗಿ ನೋಡಿದರೆ ಅವರು ಕಣ್ಣು ಮುಚ್ಚಿಕೊಂಡು, ಕಾಲ್ಬೆರಳುಗಳನ್ನು ಕಬ್ಬಿಣದ ಮೇಲೆ ಅಗಲಿಸಿ ಕೂತಿದ್ದರು.

"ಬೇಡ" ಎಂದರು. ಅಷ್ಟೇ.

ಅವರ ತೀರ್ಪು ಎರಡೇ. ಒಳ್ಳೆಯದಾದರೆ "ಹೊಡ್ಕಂಡ್ ಹೋಗು". ಇಲ್ಲದಿದ್ದರೆ "ಬೇಡ". ಮಾರುವವನ ಎದುರಿಗೆ ಕಾರಣ ಹೇಳುತ್ತಿರಲಿಲ್ಲ. ಅವನೂ ಯಾರಿಗೋ ಮಾರಿಕೊಳ್ಳಬೇಕಲ್ಲ ಎನ್ನುತ್ತಿದ್ದರು. ಬಸ್ಸಿನಲ್ಲಿ ಬರುವಾಗ ನಾನು ಕೇಳಿದೆ: ಸದ್ದೇ ಇರಲಿಲ್ಲವಲ್ಲ ಅಣ್ಣ?

"ಸದ್ದು ಮುಚ್ಬೋದು ಕಣ್ಲಾ. ದಪ್ಪ ಎಣ್ಣೆ ಸುರುದ್ರೆ ಮುಗೀತು. ಮರದ್ ಹೊಟ್ಟು ಕಲ್ಸೋ ಪುಣ್ಯಾತ್ಮರೂ ಅವ್ರೆ. ಎಣ್ಣೆ ಬಿಚ್ಚಿ ನೋಡಾನ ಅಂದ್ರೆ ಮಾರೋಕ್ ಮುಂಚೆ ಎಲ್ರೂ ಹೊಸ್ದು ಹಾಕಿರ್ತಾರೆ. ಒಳಗೆ ಅದುರೋದನ್ನ ಮಾತ್ರ ಯಾವನೂ ಮುಚ್ಚಾಕಾಗಲ್ಲ."

ಚಿಕ್ಕಂದಿನಿಂದ ಸಾಹುಕಾರರೊಬ್ಬರ ಟ್ರಾಕ್ಟರ್ ಓಡಿಸಿದವರು ಅವರು. ಆಗ ಕಾಲಿಗೆ ಚಪ್ಪಲಿ ಇರಲಿಲ್ಲ. ಚಪ್ಪಲಿ ಬಂದ ಮೇಲೂ ಗಾಡಿ ಹತ್ತುವಾಗ ಬಿಟ್ಟೇ ಹತ್ತುತ್ತಿದ್ದರು. ಯಾವ ಬೇರಿಂಗ್ ಸವೆದಿದೆ, ಯಾವ ಗೇರಿನ ಹಲ್ಲು ಮುರಿದಿದೆ ಎನ್ನುವುದು ಅಂಗಾಲಿಗೆ ಬೇರೆಬೇರೆಯಾಗಿ ತಟ್ಟುತ್ತದೆಯಂತೆ. ಒಮ್ಮೆ ನನ್ನ ಕಾಲನ್ನೂ ಇಡಿಸಿ, "ಏನ್ ಗೊತ್ತಾಯ್ತು?" ಎಂದು ಕೇಳಿದ್ದರು.

"ಬಿಸಿ ಅಣ್ಣ."

"ಬಿಸಿ ಎಮ್ಮೆಗೂ ಗೊತ್ತಾಗ್ತೈತೆ. ಇಳಿ ಕೆಳಿಕೆ."

ಕಮಿಷನ್ ಮುಟ್ಟುತ್ತಿರಲಿಲ್ಲ. ಗಾಡಿ ಮನೆಗೆ ಬಂದ ದಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತಾರಲ್ಲ, ಆವತ್ತು ಒಬ್ಬಟ್ಟಿನ ಊಟ ಹಾಕಬೇಕು. ಅದೇ ಅವರ ಫೀಸು. ಒಬ್ಬಟ್ಟು ಎಂದರೆ ಪ್ರಾಣ. ಬಡಿಸುವ ಹೆಂಗಸರು "ಸಾಕಾ ಅಣ್ಣಾ?" ಎಂದರೆ, "ಗಾಡಿ ನಾಕ್ ಚಕ್ರದ್ದು ಕಣವ್ವ, ಚಕ್ರಕ್ಕೊಂದಾದ್ರೂ ಬೇಡ್ವಾ?" ಎನ್ನುವರು. ನನ್ನ ಗಾಡಿ ಕೊನೆಗೂ ಬಾಣಾವರದ ಕಡೆಯಿಂದ ಬಂದಾಗ ನಮ್ಮಮ್ಮ ಸ್ಟೆಪ್ನಿಗೂ ಸೇರಿಸಿ ಬಡಿಸಿದ್ದಳು. ಆ ಗಾಡಿಯ ಗೇರ್‌ಬಾಕ್ಸಿಗೆ ನಾನು ಇವತ್ತಿನವರೆಗೂ ಸ್ಪ್ಯಾನರ್ ಮುಟ್ಟಿಸಿಲ್ಲ. ನನ್ನ ಮನೆ, ನನ್ನ ತಂಗಿಯ ಮದುವೆ, ಎಲ್ಲ ಆ ಗಾಡಿ ಉತ್ತು ಕೊಟ್ಟದ್ದು.

ಅವರು "ಹೊಡ್ಕಂಡ್ ಹೋಗು" ಎನ್ನುವುದು ಅಪರೂಪವಾಗಿತ್ತು. ಆದ್ದರಿಂದಲೇ ಆ ಮಾತಿಗೆ ಅಷ್ಟು ತೂಕ. "ಬರಿಗಾಲಣ್ಣ ಕಾಲಿಟ್ಟ ಗಾಡಿ" ಎಂದರೆ ಮುಂದೆ ಮಾರುವಾಗಲೂ ಬೆಲೆ ಹೆಚ್ಚು. ಕೊನೆಯ ಒಂದೆರಡು ವರ್ಷಗಳಲ್ಲಿ ಅವರು ಅದನ್ನು ಮೇಲಿಂದ ಮೇಲೆ ಹೇಳತೊಡಗಿದರು. ಹೋದಲ್ಲೆಲ್ಲ ಹೊಡ್ಕಂಡ್ ಹೋಗು, ಹೊಡ್ಕಂಡ್ ಹೋಗು. ನಾವೆಲ್ಲ ಖುಷಿಪಟ್ಟೆವು. ಅವರೂ ಖುಷಿಯಾಗಿದ್ದರು.

"ಈಗಿನ್ ಹುಡುಗ್ರು ಗಾಡಿ ಚೆನ್ನಾಗಿ ಇಟ್ಕತಾರೆ ಕಣ್ಲಾ. ಸುಮ್ನೆ ಬೈಕಂಡ್ ತಿರುಗ್ತಿದ್ದೆ ನಾನು. ಎಂಥಾ ನಯ ಅಂತೀಯ, ರೇಷ್ಮೆ ಮೇಲೆ ಕಾಲಿಟ್ಟಂಗೆ."

ಆ ದಿನಗಳಲ್ಲೇ ಒಂದು ಬೆಳಗ್ಗೆ ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆಗೆ ಬಂದರು. ಒಂದು ಕಾಲಿನಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ದಾರಿಯಲ್ಲೆಲ್ಲೋ ಕಳಚಿಹೋಗಿತ್ತು. ಅವರಿಗೆ ತಿಳಿದೇ ಇರಲಿಲ್ಲ. ನನ್ನ ಹೆಂಡತಿ, "ಅಣ್ಣಾವ್ರು ಅರ್ಧ ಬರಿಗಾಲಣ್ಣ ಆಗೌರೆ" ಎಂದು ನಕ್ಕಳು. ಅವರೂ ನಕ್ಕರು. ನಾನೂ ನಕ್ಕೆ. ವಯಸ್ಸಾಯಿತು, ಮರೆವು ಎಂದುಕೊಂಡೆವು.

ನನಗೆ ಎರಡನೇ ಗಾಡಿ ಬೇಕಾಗಿತ್ತು. ಬಿಕ್ಕೋಡಿನ ಹತ್ತಿರದ ಕಾಫಿ ತೋಟವೊಂದರಲ್ಲಿ ಒಂದು ಇದೆ ಎಂದು ತಿಳಿದು ಇಬ್ಬರೂ ಹೋದೆವು. ತೋಟದ ಲೆಕ್ಕ ನೋಡುವ ರೈಟರು ಒಳ್ಳೆಯ ಮನುಷ್ಯ. ಟ್ರೈಲರಿಗೆ ಗೊಬ್ಬರದ ಲೋಡು ಹಾಕಿಸಿಯೇ ಕೊಟ್ಟರು, ಏರು ದಾರಿಯಲ್ಲಿ ಬೇಕಾದಷ್ಟು ಹೊತ್ತು ಓಡಿಸಿ ನೋಡಿ ಎಂದರು. ನಾನು ಓಡಿಸಿದೆ. ಅವರು ಮಡ್‌ಗಾರ್ಡ್ ಮೇಲೆ ಕೂತು ಪಾದ ಇಟ್ಟರು.

ಏರು ಹತ್ತಿ ಇಳಿದು ಮತ್ತೆ ಹತ್ತುವಷ್ಟರಲ್ಲಿ ನನ್ನ ಪ್ಯಾಂಟಿನೊಳಗೆ ಮೀನಖಂಡ ಸುಡತೊಡಗಿತು. ಗೇರ್‌ಬಾಕ್ಸ್ ಕಾದಿತ್ತು. ಒಳಗೆ ಯಾವುದೋ ಬೇರಿಂಗ್ ಸವೆದು ಉಜ್ಜುತ್ತಿರದೆ ಅಷ್ಟು ಕಾಯುವುದಿಲ್ಲ. ಅಷ್ಟು ನನಗೂ ಗೊತ್ತಾಗುತ್ತದೆ. ಇನ್ನೇನು "ಬೇಡ" ಎನ್ನುತ್ತಾರೆ ಎಂದು ತಿರುಗಿದೆ. ಅವರು ಕಣ್ಣು ಮುಚ್ಚಿಕೊಂಡು ಮುಗುಳ್ನಗುತ್ತಿದ್ದರು.

"ರೇಷ್ಮೆ ಕಣ್ಲಾ. ಹೊಡ್ಕಂಡ್ ಹೋಗು."

ನಾನು ಅವರ ಕಾಲನ್ನು ನೋಡಿದೆ. ಅದು ಕಬ್ಬಿಣದ ಮೇಲೆ ಹಾಗೇ ಇತ್ತು. ಅಂಚಿನಲ್ಲಿ ಚರ್ಮ ಬೆಳ್ಳಗಾಗಿ ಸುಕ್ಕುಗಟ್ಟಿತ್ತು.

ಗಾಡಿ ನಿಲ್ಲಿಸಿದೆ. "ಅಣ್ಣ, ಕಾಲು ತೆಗೀರಿ."

"ಯಾಕ್ಲಾ?"

"ತೆಗೀರಣ್ಣ!"

ನಾನೇ ಹಿಡಿದು ಎತ್ತಿದೆ. ಅಂಗಾಲಿನ ಚರ್ಮ ಸ್ವಲ್ಪ ಅಲ್ಲಿಯೇ ಉಳಿಯಿತು. ಅವರು ಬಗ್ಗಿ, ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ನೋಡಿದರು. ಬೆರಳಿನಿಂದ ಗುಳ್ಳೆಯನ್ನು ಒತ್ತಿದರು. ಮತ್ತೆ ಒತ್ತಿದರು. ನೋವಿಗೆ ಮುಖ ಕಿವುಚಿದ್ದರೆ ಚೆನ್ನಾಗಿತ್ತು ಎಂದು ನನಗನಿಸಿತು. ಅವರು ಕಿವುಚಲಿಲ್ಲ.

"ಗಾಡಿ ಹೆಂಗೈತೆ? ನಿಜ ಹೇಳು" ಎಂದರು.

ನಾನು ಸುತ್ತುಬಳಸಿ ಮಾತಾಡುವವನಲ್ಲ. "ಬೇರಿಂಗ್ ಹೋಗೈತೆ ಅಣ್ಣ. ನಿಮಗೆ ಗೊತ್ತಾಗ್ಲಿಲ್ಲ. ಕಾಲು ಸತ್ತೈತೆ" ಎಂದೆ.

ಬೇಲೂರಿಗೆ ಬಂದು ಡಾಕ್ಟರಿಗೆ ತೋರಿಸಿದೆವು. ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಬಹಳ ಹಿಂದಿನಿಂದಲೂ ಇದ್ದಿರಬೇಕು, ನರಗಳು ಸತ್ತಿವೆ, ಕಾಲು ನೆಲಕ್ಕೆ ಊರಬೇಡಿ, ನಾಳೆಯೇ ಹಾಸನಕ್ಕೆ ಹೋಗಿ ಎಂದು ಬ್ಯಾಂಡೇಜು ಸುತ್ತಿದರು. ಬರಿಗಾಲಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಯಾವಾಗಿಂದ ಸತ್ತಿರ್ಬೋದು ಸ್ವಾಮಿ?"

"ಒಂದು ವರ್ಷ, ಎರಡು ವರ್ಷ. ಮೆಲ್ಲಗೆ ಸಾಯುತ್ತೆ, ತಿಳಿಯಲ್ಲ."

ಹೊರಗೆ ಬೆಂಚಿನ ಮೇಲೆ ಕೂತು ತಮ್ಮಷ್ಟಕ್ಕೆ ಹೇಳಿಕೊಂಡರು: "ರೇಷ್ಮೆ ಆಗಿದ್ದು ಗಾಡಿ ಅಲ್ಲ."

ಮಾರನೆಯ ದಿನ ಹಾಸನಕ್ಕೆ ಹೋಗಬೇಕಾದವರು ಬೆಳಗ್ಗೆಯೇ ನಮ್ಮ ಮನೆ ಬಾಗಿಲಲ್ಲಿ ಕೋಲೂರಿ ನಿಂತಿದ್ದರು. "ಬೈಕ್ ತೆಗಿ. ಆ ಎರಡು ವರ್ಷದಾಗೆ ಯಾರ್ಯಾರಿಗೆ ಹೊಡ್ಕಂಡ್ ಹೋಗು ಅಂದಿದೀನೋ, ಎಲ್ಲಾರ ಮನೀಗೂ ಹೋಗ್ಬೇಕು."

"ಅಣ್ಣ, ಮೊದ್ಲು ಕಾಲು ನೋಡ್ಕಳಿ. ಫೋನ್ ಮಾಡಿ ಹೇಳಾನ."

"ಕಾಲು ನಂದು. ಗಾಡಿ ಅವರ್ದು. ಫೋನಲ್ ಹೇಳೋ ಮಾತಲ್ಲ ಇದು." ಆಮೇಲೆ ದನಿ ತಗ್ಗಿಸಿ, "ನೀನ್ ಬರ್ದಿದ್ರೆ ಬಸ್ಸಲ್ ಹೋಗ್ತೀನಿ" ಎಂದರು. ಅವರು ಹೋಗುವವರೇ. ಬೈಕ್ ತೆಗೆದೆ.

ಹೋದಲ್ಲೆಲ್ಲ ಅದೇ ಮಾತು. "ನನ್ ಕಾಲು ಸತ್ತಿತ್ತು ಕಣಪ್ಪ, ಗೊತ್ತಾಗಿರ್ಲಿಲ್ಲ. ನಾನ್ ಹೇಳಿದ್ ಮಾತು ಮಾತಲ್ಲ. ಯಾರಾದ್ರೂ ಒಳ್ಳೆ ಮೇಸ್ತ್ರಿ ಕರ್ಸಿ ಒಂದ್ಸಲ ಬಿಚ್ಚಿ ನೋಡ್ಸು." ಎಷ್ಟೋ ಜನ ನಕ್ಕು, ಗಾಡಿ ಚೆನ್ನಾಗೇ ಐತಲ್ಲ ಅಣ್ಣ ಎಂದರು. ಕೆಲವರು ಕಾಫಿ ಕೊಟ್ಟರು. ಒಬ್ಬರು ಒಬ್ಬಟ್ಟು ತಟ್ಟೆಯಲ್ಲಿಟ್ಟು ತಂದಾಗ ಅವರು ಅದನ್ನು ಬಹಳ ಹೊತ್ತು ನೋಡಿ, ನನ್ನ ಕಡೆ ಸರಿಸಿದರು. ಬಾಗೂರಿನ ಕಡೆ ಒಬ್ಬ ಮಾತ್ರ ಕೂಗಾಡಿದ. ಅದನ್ನು ಅವರು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡರು. ನನಗೆ ರೇಗಿತು, ಅವನ ಮೇಲೆ ಹೋಗಲು ಎದ್ದೆ. "ಕೂತ್ಕಳ್ಲಾ. ಬೈಯೋಕೆ ಹಕ್ಕೈತೆ ಅವನಿಗೆ" ಎಂದರು.

ಹಳೇಬೀಡಿನ ಆಚೆ ಒಂದು ಊರಿನಲ್ಲಿ ಅಣ್ಣತಮ್ಮಂದಿರ ಮನೆ. ಅಣ್ಣ ಲೋಕೇಶ, ತಮ್ಮ ಮಂಜ. ಇಬ್ಬರೂ ಸೇರಿ ಗಾಡಿ ಕೊಂಡಿದ್ದರು. ಪೂಜೆಯ ದಿನ ನಾನೂ ಊಟಕ್ಕೆ ಹೋಗಿದ್ದೆ, ಒಂದೇ ಪಂಕ್ತಿಯಲ್ಲಿ ಇಬ್ಬರೂ ಬಡಿಸಿದ್ದರು. ಈಗ ಅಂಗಳದ ನಡುವೆ ಜಾಲಿ ಮುಳ್ಳಿನ ಬೇಲಿ. ಗಾಡಿ ಚಪ್ಪರದ ಕೆಳಗೆ ಧೂಳು ಹಿಡಿದು ನಿಂತಿತ್ತು. ಕೋಳಿಗಳು ಸೀಟಿನ ಮೇಲೆ ಕೂತಿದ್ದವು.

"ಏನಾಯ್ತಪ್ಪ ಗಾಡಿಗೆ?" ಎಂದು ಬರಿಗಾಲಣ್ಣ ಕೇಳಿದರು.

"ನಿಮ್ಮಿಂದೇನಿಲ್ಲ ಬಿಡಿ ಅಣ್ಣ" ಎಂದ ಲೋಕೇಶ. "ನೀವ್ ಕಾಲಿಟ್ಟ ಗಾಡಿ ಕೆಡ್ತದಾ? ನಮ್ ಮಂಜನೇ ಕೆಡ್ಸಿದ್ದು. ಕ್ಲಚ್ ತುಳೀದೆ ಗೇರ್ ಹಾಕಿ ಹಲ್ ಪುಡಿ ಮಾಡ್ದ. ಕೇಳಿದ್ರೆ ಗಾಡಿನೇ ಸರಿ ಇರ್ಲಿಲ್ಲ ಅಂತಾನೆ. ನಿಮ್ ಮಾತನ್ನೇ ಸುಳ್ಳು ಅನ್ನೋನ್ ಜೊತೆ ನಾನ್ ಹೆಂಗ್ ಬಾಳ್ವೆ ಮಾಡ್ಲಿ? ಬೇಲಿ ಹಾಕ್ದೆ."

ಬರಿಗಾಲಣ್ಣ ಕೋಲೂರಿಕೊಂಡು ಬೇಲಿಯ ಹತ್ತಿರಕ್ಕೆ ಹೋದರು.

"ಮಂಜಾ!" ಎಂದು ಅವರೇ ಬೇಲಿಯಾಚೆಗೆ ಕೂಗಿದರು. ಮಂಜ ಬಂದು ಬೇಲಿಯ ಆಚೆಯೇ ನಿಂತ. ಅವರು ಇಬ್ಬರಿಗೂ ವಿಷಯ ಹೇಳಿದರು. ಲೋಕೇಶ ಕೇಳಿ ತಲೆಯಾಡಿಸಿದ.

"ಸುಮ್ನಿರಣ್ಣ. ಇವನ್ ಮರ್ಯಾದೆ ಉಳ್ಸಾಕೆ ನಿಮ್ ಮರ್ಯಾದೆ ಕಳ್ಕತಿದೀರ. ನನಗ್ ಗೊತ್ತಾಗಲ್ವಾ? ಕಾಲು ಮೊನ್ನೆ ಸುಟ್ಟೈತೆ, ಅದಕ್ಕೂ ಅವತ್ತಿಂದಕ್ಕೂ ಏನ್ ಸಂಬಂಧ?"

ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಅಷ್ಟು ನಂಬಿಕೆ ಅವರ ಮೇಲೆ. ಬರಿಗಾಲಣ್ಣ ಅಲ್ಲೇ ಕೂತು, ಪಕ್ಕದ ಬೇಲಿಯಿಂದ ಒಂದು ಜಾಲಿ ಮುಳ್ಳು ಮುರಿದುಕೊಂಡರು. ಬೆರಳುದ್ದ ಇತ್ತು. ಅದೇ ಬಲಗಾಲಿನ, ಬ್ಯಾಂಡೇಜು ಸುತ್ತದೆ ಬಿಟ್ಟಿದ್ದ ಹಿಮ್ಮಡಿಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು.

"ಲೋಕೇಶಾ, ಕಾಲು ನೋಡ್ಬೇಡ. ನನ್ ಮುಖ ನೋಡ್ತಿರು" ಎಂದರು.

ಅವರ ಮುಖದಲ್ಲಿ ಏನೂ ಆಗಲಿಲ್ಲ. ರೆಪ್ಪೆ ಕೂಡ ಅಲುಗಲಿಲ್ಲ. ಮಳೆ ಯಾವಾಗ ಬಂತು ಈ ಕಡೆ ಎಂದು ಕೇಳುವಾಗ ಇರುತ್ತಿದ್ದ ಮುಖವೇ ಅದು. ನಾನು ಕೆಳಗೆ ನೋಡಿದೆ. ಮುಳ್ಳು ಬುಡದವರೆಗೂ ಒಳಗೆ ಹೋಗಿತ್ತು.

ಲೋಕೇಶನ ಹೆಂಡತಿ ಬಾಗಿಲಲ್ಲಿ "ಅಯ್ಯೋ ಶಿವನೇ" ಎಂದು ಕೂಗಿದ ಮೇಲೆ ಲೋಕೇಶ ಕಾಲು ನೋಡಿದ.

"ಈ ಕಾಲಲ್ಲಿ ನಿನ್ ಗಾಡಿ ನೋಡಿದ್ದು ನಾನು" ಎಂದರು ಬರಿಗಾಲಣ್ಣ. "ನಿನ್ ತಮ್ಮ ಹೇಳಿದ್ದೇ ನಿಜ. ಮಂಜಾ, ತಪ್ಪಾಯ್ತಪ್ಪ."

ಮಂಜ ಬೇಲಿ ಸುತ್ತಿಕೊಂಡು ಬರಲಿಲ್ಲ. ಮುಳ್ಳಿನ ನಡುವೆಯೇ ನುಗ್ಗಿ ಬಂದ. ಅವರ ಕಾಲಿನ ಮುಂದೆ ಕೂತು, ಹಲ್ಲಿನಿಂದ ಮುಳ್ಳು ಕಚ್ಚಿ ಎಳೆದು ತೆಗೆದ. ಎಳೆದವನು ತಲೆ ಎತ್ತದೆ, "ನಾನು ಕ್ಲಚ್ ಪೂರ್ತಿ ತುಳಿದೇ ಗೇರ್ ಹಾಕ್ತಿದ್ದೆ ಕಣಣ್ಣ" ಎಂದ. ಆ ಮಾತು ಹೇಳಿದ್ದು ಬರಿಗಾಲಣ್ಣನಿಗಲ್ಲ. ಲೋಕೇಶ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು, ತಮ್ಮನ ಕೈಗೆ ಕೊಟ್ಟ.

ಆ ಮನೆ ಮತ್ತೆ ಒಂದಾಯಿತು ಎಂದು ನಾನು ಬರೆಯಲಾರೆ. ಒಲೆ ಈಗಲೂ ಎರಡೇ. ಬೇಲಿಯಲ್ಲಿ ಒಬ್ಬ ಮನುಷ್ಯ ಓಡಾಡುವಷ್ಟು ಜಾಗ ಬಿಟ್ಟಿದ್ದಾರೆ.

ಎಲ್ಲ ಮನೆ ಮುಗಿಸಿಯೇ ಅವರು ಹಾಸನಕ್ಕೆ ಹೋದದ್ದು. ಅಷ್ಟರಲ್ಲಿ ಕಾಲು ಕಪ್ಪಾಗಿತ್ತು. ಸುಟ್ಟದ್ದರಿಂದಲೋ, ಮುಳ್ಳಿನಿಂದಲೋ, ಓಡಾಡಿದ್ದರಿಂದಲೋ, ಯಾರೂ ಹೇಳಲಿಲ್ಲ. ಮೊಣಕಾಲಿನ ಕೆಳಗೆ ತೆಗೆದರು.

ಮನೆಗೆ ಬಂದ ಮೇಲೆ ನೋಡಲು ಹೋಗಿದ್ದೆ. ಬಿಸಿಲೇರುವ ಹೊತ್ತು. ರಸ್ತೆಯ ಪಕ್ಕದ ಜಗಲಿಯ ಮೇಲೆ ಕೂತಿದ್ದರು, ತೊಡೆಯ ಮೇಲೆ ಟವಲು. ಹೆಂಡತಿ ಸಕ್ಕರೆ ಇಲ್ಲದ ಕಾಫಿ ತಂದುಕೊಟ್ಟು, "ಒಂದ್ ಮಾತಾಡ್ಸಪ್ಪ, ನನ್ ಜೊತೆ ಮಾತೇ ಆಡಲ್ಲ" ಎಂದು ಒಳಗೆ ಹೋದರು.

"ಏನ್ಲಾ, ಗಾಡಿ ತಗಂಡ್ಯಾ?"

"ಇಲ್ಲಣ್ಣ. ನೋಡೋರ್ ಇಲ್ದೆ ಹೆಂಗ್ ತಗಳಾದು?"

"ಮೇಸ್ತ್ರಿ ಕರ್ಕಂಡ್ ಹೋಗು. ಬಿಚ್ಸಿ ನೋಡ್ಸು. ಈ ಕಾಲು ಕೈ ನಂಬೋದೆಲ್ಲ ಮುಗೀತು." ಕಾಫಿ ಗುಟುಕರಿಸಿ, ಯಾರಾದರೂ ಕೇಳಿಸಿಕೊಂಡಾರೋ ಎನ್ನುವ ಹಾಗೆ ನನ್ನ ಕಡೆ ಬಗ್ಗಿದರು. "ಒಂದ್ ವಿಷ್ಯ ಹೇಳ್ತೀನಿ, ನಗ್ಬೇಡ. ಕಾಲು ಐತೆ ಕಣ್ಲಾ."

ನಾನು ಟವಲಿನ ಕಡೆ ನೋಡಿದೆ.

"ಇದ್ದಾಗ ಸತ್ತಿತ್ತು. ತೆಗುದ್ ಮೇಲೆ ಜೀವ ಬಂದೈತೆ. ಹೆಬ್ಬೆಟ್ಟು ನವೆ ಆಗ್ತೈತೆ. ಕೆರ್ಯೋಣ ಅಂತ ಕೈ ಹೋಗ್ತೈತೆ, ಹಾಸಿಗೆ ಸಿಗ್ತೈತೆ. ಡಾಕ್ಟ್ರು ಹಂಗ್ ಆಗ್ತೈತೆ ಅಂದ್ರು, ತಲೆ ಕೆಡಿಸ್ಕಬೇಡಿ ಅಂದ್ರು."

ಅಷ್ಟರಲ್ಲಿ ಜಾವಗಲ್ ಕಡೆಯಿಂದ ಒಂದು ಟ್ರಾಕ್ಟರ್ ಬಂತು. ಕೊಬ್ಬರಿ ಚೀಲ ತುಂಬಿಕೊಂಡು, ಉಬ್ಬಿನ ಹತ್ತಿರ ಗೇರು ಇಳಿಸಿ, ಜಗಲಿಯ ಮುಂದೆಯೇ ನಿಧಾನಕ್ಕೆ ಏರತೊಡಗಿತು. ಜಗಲಿಯ ಕಲ್ಲು ಸಣ್ಣಗೆ ಅದುರಿತು. ಬರಿಗಾಲಣ್ಣ ಕಣ್ಣು ಮುಚ್ಚಿದರು. ಟವಲಿನ ಕೆಳಗೆ ಮೊಣಕಾಲು ಎದ್ದಿತು. ಮುಂದಕ್ಕೆ ಚಾಚಿಕೊಂಡಿತು.

"ಎರಡ್ನೇ ಗೇರು" ಎಂದರು. "ಹಲ್ಲು ಸವೆದೈತೆ. ಇನ್ನೊಂದ್ ಹಂಗಾಮು ತಡೆಯಲ್ಲ ಅದು. ಯಾರ್ದ್ಲಾ ಗಾಡಿ?"

"ಗೊತ್ತಿಲ್ಲಣ್ಣ. ತಡೀರಿ, ನಿಲ್ಸಿ ಹೇಳ್ತೀನಿ."

ನಾನು ಜಗಲಿಯಿಂದ ಹಾರಿ ರಸ್ತೆಗೆ ಬಂದಿದ್ದೆ. ಹಿಂದಿನಿಂದ ಅವರ ಕೂಗು ಬಂತು.

"ಬ್ಯಾಡ! ಬ್ಯಾಡ ಕಣೋ, ವಾಪಸ್ ಬಾ!"

ತಿರುಗಿ ನೋಡಿದೆ.

"ಇಲ್ದಿರೋ ಕಾಲಿನ್ ಮಾತ್ ಕಟ್ಕಂಡು ಇನ್ಯಾರ್ ಮನೆ ಒಡೀಲೋ ನಾನು?"

ಟ್ರಾಕ್ಟರ್ ಉಬ್ಬು ಹತ್ತಿ, ಇಳಿದು, ತೆಂಗಿನ ತೋಟಗಳ ಆಚೆ ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೂ ಅವರು ಆ ಮೊಣಕಾಲು ಅಲುಗದ ಹಾಗೆ ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡೇ ಕೂತಿದ್ದರು.